ಗೂಡ್ಸ್ ಶೆಡ್ ಲೈನಿನ ದೋಷ ಪತ್ತೆ: ಚೆಲ್ಲಿದ ಸರಕಿನಿಂದ ಹಳಿಯ ತೊಂದರೆಯವರೆಗೆ

ಗೂಡ್ಸ್ ಶೆಡ್ಡಿನಲ್ಲಿ ಪಾಯಿಂಟ್ (ಗಾಡಿಯನ್ನು ಒಂದು ಲೈನಿನಿಂದ ಇನ್ನೊಂದಕ್ಕೆ ತಿರುಗಿಸುವ ಹಳಿಯ ಜೋಡಣೆ) ಕೂಡದಿದ್ದರೆ ಸಿಗ್ನಲ್‌ನವರನ್ನು ಕರೆಯುತ್ತಾರೆ. ಹಳಿ ಕುಸಿದರೆ ಹಳಿ ಗ್ಯಾಂಗಿನವರನ್ನು, ಗಟಾರು ಕಟ್ಟಿದರೆ ಕಸ ಗುಡಿಸುವ ಗುತ್ತಿಗೆದಾರನನ್ನು. ಮೂವರೂ ತಮ್ಮ ತಮ್ಮ ಕೆಲಸ ಮುಗಿಸಿ ಹೋಗುತ್ತಾರೆ, ವಾರ ಕಳೆಯುವುದರೊಳಗೆ ಅದೇ ತೊಂದರೆ ಮತ್ತೆ ಹಾಜರು. ಏಕೆಂದರೆ ಈ ಲೈನುಗಳಲ್ಲಿ ದೋಷ ಕಾಣುವ ಜಾಗ ಒಂದು, ಹುಟ್ಟುವ ಜಾಗ ಇನ್ನೊಂದು. ಬಹುಪಾಲು ತೊಂದರೆಗಳ ಬೇರು ಎರಡೇ: ಹಿಂದಿನ ರೇಕ್ (ವ್ಯಾಗನ್ನುಗಳ ಸಾಲು) ಬಿಟ್ಟುಹೋದ ಸರಕು, ಮತ್ತು ಅದರ ಮೇಲೆ ಬಿದ್ದ ನೀರು. ಹೀಗಾಗಿ ಮೀಟರು, ಸ್ಪ್ಯಾನರು ಹೊರಗೆ ತೆಗೆಯುವ ಮೊದಲು ಕೇಳಬೇಕಾದದ್ದು ಇಷ್ಟೇ: ಕಡೆಯದಾಗಿ ಇಲ್ಲಿ ಇಳಿದದ್ದು ಅಥವಾ ಏರಿದ್ದು ಯಾವ ಮಾಲು? ಆಮೇಲೆ ಮಳೆ ಬಿತ್ತೇ, ಇಲ್ಲವೇ ಯಾರಾದರೂ ನೀರು ಹೊಡೆದರೇ?

ನಮ್ಮ ಕಡೆ ಈ ಪ್ರಶ್ನೆಗೆ ಉತ್ತರ ಊರಿಗೊಂದು, ತಿಂಗಳಿಗೊಂದು. ಹಾವೇರಿ, ರಾಣೇಬೆನ್ನೂರು ಸೀಮೆಯಲ್ಲಿ ಸುಗ್ಗಿ ಮುಗಿದ ಮೇಲೆ ಗೋವಿನಜೋಳದ ಕಾಲ. ಮುಂಗಾರಿನ ಹೊತ್ತಿಗೆ ಎಲ್ಲ ಕಡೆ ಯೂರಿಯಾ, ಡಿಎಪಿ, ಪೊಟ್ಯಾಶ್. ವರ್ಷವಿಡೀ ಸಿಮೆಂಟು. ಹುಬ್ಬಳ್ಳಿ–ಗದಗ–ಹೊಸಪೇಟೆ ಮಾರ್ಗದಲ್ಲಿ ಮುರ್ಮುಗೋವಾ ಬಂದರಿನಿಂದ ಉಕ್ಕಿನ ಕಾರ್ಖಾನೆಗೆ ಹೋಗುವ ಕಲ್ಲಿದ್ದಲು, ಬಳ್ಳಾರಿ ಕಡೆಯ ಅದಿರು. ಇವೆಲ್ಲಕ್ಕೂ ಕೆಳಗೆ ಗದಗ, ಅಣ್ಣಿಗೇರಿಯ ಎರೆ ನೆಲ. ಒಂದೊಂದು ಮಾಲೂ ಒಂದೊಂದು ಬಗೆಯ ದೋಷ ಹುಟ್ಟಿಸುತ್ತದೆ. ಗೋವಿನಜೋಳ ಜಾರಿಸುತ್ತದೆ, ಕೊಳೆಯುತ್ತದೆ. ಗೊಬ್ಬರ ತುಕ್ಕು ಹಿಡಿಸುತ್ತದೆ, ಕರೆಂಟು ಸೋರಿಸುತ್ತದೆ. ಸಿಮೆಂಟು ಕಲ್ಲಾಗುತ್ತದೆ. ಕಲ್ಲಿದ್ದಲು ಮತ್ತು ಅದಿರಿನ ಪುಡಿ ಜಲ್ಲಿಯ ಸಂದು ತುಂಬುತ್ತದೆ.

ಹಳಿಗೆ ಇಳಿಯುವ ಮೊದಲು

ಸ್ಟೇಷನ್ ಮಾಸ್ತರರಿಂದ ಬರಹದಲ್ಲಿ ಲೈನ್ ಬ್ಲಾಕ್ (ಆ ಲೈನಿಗೆ ಗಾಡಿ ಬಿಡುವುದಿಲ್ಲ ಎಂಬ ಒಪ್ಪಿಗೆ) ತೆಗೆದುಕೊಳ್ಳಿ. ಬಾಯಿಮಾತು ಸಾಲದು. ಆ ಲೈನಿಗೆ ದಾರಿ ಕೊಡುವ ಪಾಯಿಂಟನ್ನು ಬೇರೆ ಲೈನಿನ ಕಡೆಗೆ ಹಾಕಿ, ಕ್ಲ್ಯಾಂಪ್ ಬಿಗಿದು, ಬೀಗ ಜಡಿಯಬೇಕು. ಬೀಗದ ಕೈ ಕೆಲಸದ ಮೇಲ್ವಿಚಾರಕನ ಕಿಸೆಯಲ್ಲೇ ಇರಲಿ. ಎರಡೂ ತುದಿಗೆ ಕೆಂಪು ಬಾವುಟ, ರಾತ್ರಿಯಾದರೆ ಕೆಂಪು ದೀಪ. ಪಕ್ಕದ ಲೈನಿನಲ್ಲಿ ಗಾಡಿ ಓಡುತ್ತಿದ್ದರೆ ಅದನ್ನು ನೋಡುವುದಕ್ಕೇ ಒಬ್ಬನನ್ನು ನಿಲ್ಲಿಸಿ, ಅವನ ಕೈಗೆ ಸಲಿಕೆ ಕೊಡಬೇಡಿ.

ರೇಕ್ ನಿಂತಿದೆ, ಇಂಜಿನ್ ಇಲ್ಲ ಎಂದು ವ್ಯಾಗನ್ನಿನ ಅಡಿ ನುಸುಳಿ ಕಸ ಬಳಿಯುವುದು ಈ ಕೆಲಸದ ಅತಿ ಕೆಟ್ಟ ರೂಢಿ. ಯಾರ್ಡಿನ ಇಳಿಜಾರು ಗರಿಷ್ಠ 400ಕ್ಕೆ 1, ಆದಷ್ಟೂ 1200ಕ್ಕೆ 1 ಇರಬೇಕೆಂಬ ನಿಯಮ ಇರುವುದೇ ನಿಂತ ವ್ಯಾಗನ್ ತಾನಾಗಿ ಉರುಳದಿರಲೆಂದು. ಆದರೂ ಗಾಳಿಗೆ, ಪಕ್ಕದ ಶಂಟಿಂಗಿನ ತಾಗುವಿಕೆಗೆ ಅದು ಕದಲುತ್ತದೆ. ಹ್ಯಾಂಡ್‌ಬ್ರೇಕ್ ಬಿಗಿದು, ಚಕ್ರಕ್ಕೆ ಸ್ಕಿಡ್ (ಉರುಳದಂತೆ ಅಡ್ಡ ಇಡುವ ತುಂಡು) ಕೊಟ್ಟ ಮೇಲೂ ಗುಡಿಸುವುದು ರೇಕ್ ಹೊರಟ ನಂತರವೇ.

ತಲೆಯ ಮೇಲೆ 25 ಕಿಲೋವೋಲ್ಟ್ ತಂತಿ ಇದ್ದರೆ ಮನುಷ್ಯ, ಕೋಲು, ಸರಳು, ಪೈಪು ಯಾವುದೂ ಅದಕ್ಕೆ 2 ಮೀಟರಿಗಿಂತ ಹತ್ತಿರ ಹೋಗುವಂತಿಲ್ಲ. ತೆರೆದ ವ್ಯಾಗನ್ನಿನ ಮೇಲೆ ಹತ್ತುವ ಕೆಲಸವಿದ್ದರೆ ಐಸೊಲೇಟರ್ (ತಂತಿಯ ಕರೆಂಟು ಕಡಿಯುವ ಸ್ವಿಚ್ಚು) ತೆರೆದು, ತಂತಿಗೆ ಅರ್ಥಿಂಗ್ ಕೊಟ್ಟು, ಅಧಿಕಾರವುಳ್ಳವರು ಬರೆದುಕೊಟ್ಟ ಮೇಲೆ ಮಾತ್ರ. ಗದಗದ ಗಾಳಿ ಎಂಥದೆಂದು ಕಪ್ಪತಗುಡ್ಡದ ಗಾಳಿಯಂತ್ರಗಳೇ ಹೇಳುತ್ತವೆ. ಆಷಾಢದಲ್ಲಿ ಕಟ್ಟು ಬಿಚ್ಚಿದ ತಾಡಪತ್ರಿ ಹಾರಿ ತಂತಿಗೆ ಸುತ್ತಿಕೊಂಡರೆ ಕೋಲು ಹಿಡಿದು ಎಳೆಯಲು ಹೋಗಬೇಡಿ. ದೂರ ನಿಂತು ಸುದ್ದಿ ಮುಟ್ಟಿಸಿ.

ಚೆಲ್ಲಿದ ರೀತಿ ನೋಡಿ ಮೂಲ ಗುರುತಿಸುವುದು

ಗುಡಿಸುವ ಮೊದಲು ಒಂದು ಸಲ ಲೈನಿನ ಉದ್ದಕ್ಕೂ ನಡೆದು, ಕಸ ಬಿದ್ದಿರುವ ಆಕಾರ ನೋಡಿ, ಫೋನಿನಲ್ಲಿ ಚಿತ್ರ ತೆಗೆದುಕೊಳ್ಳಿ. ಗುಡಿಸಿದ ಮೇಲೆ ಈ ಸಾಕ್ಷಿ ಉಳಿಯುವುದಿಲ್ಲ.

ಎರಡು ಹಳಿಗಳ ನಡುವೆ ಮಾತ್ರ ಚಿಕ್ಕ ಗುಪ್ಪೆ ಇದ್ದರೆ ವ್ಯಾಗನ್ನಿನ ತಳದಲ್ಲಿ ತೂತಿದೆ. ಪ್ಲಾಟ್‌ಫಾರಂ ಮತ್ತು ಹಳಿಯ ನಡುವೆ, ವ್ಯಾಗನ್ನಿಗೊಂದರಂತೆ ಸಮ ಅಂತರದಲ್ಲಿ ಗುಪ್ಪೆಗಳಿದ್ದರೆ ಅದು ಬಾಗಿಲಿನ ಎದುರು ಇಳಿಸುವಾಗ ಹರಿದ ಚೀಲಗಳದ್ದು. ಕೊಕ್ಕೆ ಹಾಕಿ ಚೀಲ ಎಳೆಯುವುದೇ ಇದಕ್ಕೆ ಹೆಚ್ಚಿನ ಕಾರಣ. ಪ್ಲಾಟ್‌ಫಾರಮ್ಮಿನ ಎದುರು ಬದಿಯಲ್ಲಿ ಬಿದ್ದಿದ್ದರೆ ಆ ಕಡೆಯ ಬಾಗಿಲು ಸರಿಯಾಗಿ ಮುಚ್ಚಿರಲಿಲ್ಲ, ಅಥವಾ ವ್ಯಾಗನ್ ಒಳಗಿನ ಕಸವನ್ನು ಯಾರೋ ಆ ಕಡೆಗೆ ದೂಡಿದ್ದಾರೆ. ಎರಡನೆಯದು ತೀರ ಸಾಮಾನ್ಯ. ಲೈನಿನುದ್ದಕ್ಕೂ ಗೆರೆ ಎಳೆದಂತೆ ಇದ್ದರೆ ರೇಕ್ ಚಲಿಸುವಾಗ ಸೋರಿದೆ. ಆಗ ಮುಂದಿನ ಸ್ಟೇಷನ್ನಿನ ಪಾಯಿಂಟುಗಳ ಮೇಲೂ ಅದೇ ಮಾಲು ಬಿದ್ದಿರುತ್ತದೆ, ಅವರಿಗೂ ತಿಳಿಸಿ.

ಲಕ್ಷಣ: ಲೈನ್ ಖಾಲಿ, ಆದರೆ ಪ್ಯಾನೆಲ್‌ನಲ್ಲಿ ಕೆಂಪು

ರೇಕ್ ಹೋಗಿದೆ, ಆದರೆ ಲೈನಿನಲ್ಲಿ ಗಾಡಿ ಇದೆಯೇ ಎಂಬುದನ್ನು ಹಳಿಯ ಕರೆಂಟಿನಿಂದ ಅರಿತು ಸ್ಟೇಷನ್ನಿನ ಪ್ಯಾನೆಲ್ಲಿಗೆ ತೋರಿಸುವ ಟ್ರ್ಯಾಕ್ ಸರ್ಕ್ಯೂಟ್ ಮಾತ್ರ ಗಾಡಿ ಇದೆ ಎನ್ನುತ್ತಿದೆ. ಗೊಬ್ಬರ ಇಳಿದ ಮೇಲೆ ಮೊದಲ ಮಳೆಗೆ ಕೈಕೊಡುವುದು ಇದೇ. ಸರ್ಕ್ಯೂಟಿನ ಒಂದು ತುದಿಯಿಂದ ಹಳಿಗೆ ಕೊಟ್ಟ ಕಡಿಮೆ ವೋಲ್ಟೇಜಿನ ಕರೆಂಟು ಇನ್ನೊಂದು ತುದಿಯ ರಿಲೇಯನ್ನು (ಕರೆಂಟಿನಿಂದ ಏಳುವ, ಬೀಳುವ ಸ್ವಿಚ್ಚು) ಎತ್ತಿ ಹಿಡಿದಿರಬೇಕು. ಗಾಡಿಯ ಚಕ್ರಗಳು ಕರೆಂಟನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ದಾಟಿಸಿದಾಗ ಅದು ಬೀಳುತ್ತದೆ. ಉಪ್ಪಿನಂಥ ಗೊಬ್ಬರ ನೀರಲ್ಲಿ ಕರಗಿ ಜಲ್ಲಿ, ಸ್ಲೀಪರಿನ (ಹಳಿಯಡಿಯ ಅಡ್ಡ ತೊಲೆ) ಮೇಲೆ ಹರಡಿದಾಗ ಕರೆಂಟು ಒಂದು ಹಳಿಯಿಂದ ಇನ್ನೊಂದಕ್ಕೆ ದಾರಿಯಲ್ಲೇ ಸೋರುತ್ತದೆ, ರಿಲೇ ಬಿದ್ದುಬಿಡುತ್ತದೆ. ಎಲ್ಲಕ್ಕಿಂತ ಹೆಚ್ಚು ಕಾಡುವುದು ಪೊಟ್ಯಾಶ್. ಯೂರಿಯಾ ತಾನಾಗಿ ಕರೆಂಟು ಒಯ್ಯುವುದು ಕಡಿಮೆ, ಆದರೆ ಗಾಳಿಯ ತೇವ ಹೀರಿ ಜಾಗವನ್ನು ಸದಾ ಒದ್ದೆ ಇಡುತ್ತದೆ.

ಮೊದಲು ಕಣ್ಣಿನ ತಪಾಸಣೆ. ಗ್ಲೂಡ್ ಜಾಯಿಂಟಿನ (ಎರಡು ಹಳಿ ತುದಿಗಳ ನಡುವೆ ಕರೆಂಟು ದಾಟದಂತೆ ಅಂಟಿಸಿದ ಜೋಡು) ಸಂದಿಗೆ ಅಡ್ಡವಾಗಿ ಏನಾದರೂ ಲೋಹ ಬಿದ್ದಿದೆಯೇ? ಕಟ್ಟಿನ ಉಕ್ಕಿನ ಪಟ್ಟಿ, ವ್ಯಾಗನ್ ಬಾಗಿಲು ಬಿಗಿದ ತಂತಿಯ ತುಂಡು, ಅದಿರಿನ ಪುಡಿ ಎಲ್ಲವೂ ಇಲ್ಲಿ ಸಿಗುತ್ತವೆ. ಹಳಿಯ ತುದಿಯ ಲೋಹವೇ ಚಕ್ರದ ಹೊಡೆತಕ್ಕೆ ಹಿಗ್ಗಿ ಆ ಕಡೆಗೆ ಮುಟ್ಟಿರಲೂಬಹುದು. ಆಮೇಲೆ ಜಲ್ಲಿ ನೋಡಿ. ಸರ್ಕ್ಯೂಟ್ ಇರುವ ಕಡೆ ಹಳಿಯ ಅಡಿಭಾಗಕ್ಕೂ ಜಲ್ಲಿಗೂ ಕನಿಷ್ಠ 50 ಮಿ.ಮೀ. ಅಂತರ ಬೇಕು. ಶೆಡ್ ಲೈನಿನಲ್ಲಿ ಆ ಅಂತರವನ್ನು ತುಂಬುವುದು ಹೆಚ್ಚಾಗಿ ಜಲ್ಲಿಯಲ್ಲ, ಕಸ. ಮೂರನೆಯದು ಲೈನರ್. ಸರ್ಕ್ಯೂಟ್ ಇರುವಲ್ಲಿ ಹಳಿ ಮತ್ತು ಅದನ್ನು ಸ್ಲೀಪರಿಗೆ ಒತ್ತಿ ಹಿಡಿಯುವ ಕ್ಲಿಪ್ಪಿನ ನಡುವೆ ನೈಲಾನ್ ಲೈನರ್ ಇರುತ್ತದೆ. ಅದು ಒಡೆದು ಹೋದ ಜಾಗದಲ್ಲಿ ಕ್ಲಿಪ್ಪು ನೇರ ಹಳಿಗೆ ತಾಗುತ್ತದೆ. ಒಂದು ಒಡೆದರೆ ಏನೂ ಆಗದು, ಒಣಗಿದ್ದಾಗ ಹತ್ತು ಒಡೆದರೂ ತಿಳಿಯದು, ಮಳೆ ಬಂದಾಗ ಎಲ್ಲವೂ ಕೂಡಿ ಸರ್ಕ್ಯೂಟನ್ನು ಕೆಡವುತ್ತವೆ.

ಕಣ್ಣಿಗೆ ಸಿಗದಿದ್ದರೆ ಅಳತೆ. ಇದು ಡಿಸ್‌ಕನೆಕ್ಷನ್ ನೋಟಿಸ್ (ಸಿಗ್ನಲ್ ಸಾಧನ ಕಳಚುತ್ತೇವೆ ಎಂಬ ಬರಹದ ಸೂಚನೆ) ಕೊಟ್ಟು ಸಿಗ್ನಲ್ ಸಿಬ್ಬಂದಿಯೇ ಮಾಡಬೇಕಾದ ಕೆಲಸ. ಎರಡೂ ತುದಿಯಲ್ಲಿ ಹಳಿಯ ವೋಲ್ಟೇಜು, ಕರೆಂಟು ಅಳೆಯಿರಿ. ವೋಲ್ಟೇಜುಗಳ ಸರಾಸರಿಯನ್ನು ಕರೆಂಟುಗಳ ವ್ಯತ್ಯಾಸದಿಂದ ಭಾಗಿಸಿ, ಬಂದದ್ದನ್ನು ಸರ್ಕ್ಯೂಟಿನ ಕಿಲೋಮೀಟರ್ ಉದ್ದದಿಂದ ಗುಣಿಸಿದರೆ ಜಲ್ಲಿಯ ರೆಸಿಸ್ಟೆನ್ಸ್ ಸಿಗುತ್ತದೆ. ಉದಾಹರಣೆಗೆ ಕೊಡುವ ತುದಿಯಲ್ಲಿ 1.2 ವೋಲ್ಟ್, 0.5 ಆಂಪಿಯರ್, ರಿಲೇ ತುದಿಯಲ್ಲಿ 0.8 ವೋಲ್ಟ್, 0.1 ಆಂಪಿಯರ್, ಉದ್ದ 300 ಮೀಟರ್. ಸರಾಸರಿ 1 ವೋಲ್ಟನ್ನು 0.4ರಿಂದ ಭಾಗಿಸಿದರೆ 2.5, ಅದನ್ನು 0.3ರಿಂದ ಗುಣಿಸಿದರೆ 0.75. ಸ್ಟೇಷನ್ ಯಾರ್ಡಿನಲ್ಲಿ ಇದು ಕಿಲೋಮೀಟರಿಗೆ 2 ಓಮ್‌ಗಿಂತ ಕಡಿಮೆ ಇರಕೂಡದು. ಅಂದರೆ ಈ ಲೈನಿನಲ್ಲಿ ದೋಷ ರಿಲೇಯದಲ್ಲ, ನೆಲದ್ದು.

ಇಲ್ಲಿ ಹಲವರು ಮಾಡುವ ಎಡವಟ್ಟು ಒಂದಿದೆ. ಕೊಡುವ ತುದಿಯ ರೆಸಿಸ್ಟೆನ್ಸ್ ತಿರುಗಿಸಿ ವೋಲ್ಟೇಜು ಏರಿಸುತ್ತಾರೆ, ರಿಲೇ ಎದ್ದು ನಿಲ್ಲುತ್ತದೆ, ಎಲ್ಲರೂ ನಿಟ್ಟುಸಿರು ಬಿಡುತ್ತಾರೆ. ಬಿಸಿಲು ಬಿದ್ದು ನೆಲ ಒಣಗಿದ ಮೇಲೆ ಅದೇ ಏರಿಸಿದ ವೋಲ್ಟೇಜು ಅಪಾಯವಾಗುತ್ತದೆ, ಏಕೆಂದರೆ ನಿಜವಾಗಿ ಗಾಡಿ ನಿಂತಾಗಲೂ ರಿಲೇ ಬೀಳದೆ ಉಳಿಯಬಹುದು. ಏನೇ ಹೊಂದಿಸಿದರೂ 0.5 ಓಮ್ ಷಂಟ್ ಅನ್ನು (ಗಾಡಿಯ ಚಕ್ರದ ಬದಲು ಇಡುವ ರೆಸಿಸ್ಟೆನ್ಸ್) ಎರಡು ಹಳಿಗೆ ಅಡ್ಡ ಇಟ್ಟು ರಿಲೇ ಬೀಳುತ್ತದೆಯೇ ಎಂದು ನೋಡದೆ ಲೈನ್ ಒಪ್ಪಿಸಬೇಡಿ.

ಪರಿಹಾರದ ಕ್ರಮ ಮುಖ್ಯ: ಮೊದಲು ಒಣ ಗುಡಿಸುವಿಕೆ, ಆಮೇಲೆ ಸಲಿಕೆ, ನೀರು ಕಡೆಗೆ. ಗೊಬ್ಬರದ ಮೇಲೆ ಮೊದಲೇ ನೀರು ಹೊಡೆದರೆ ಮೇಲಿದ್ದದ್ದು ಕರಗಿ ಜಲ್ಲಿಯ ಒಡಲಿಗೆ ಇಳಿಯುತ್ತದೆ. ಆಗ ಜಲ್ಲಿ ಬಗೆದು ತೆಗೆಯುವುದೊಂದೇ ದಾರಿ.

ಲಕ್ಷಣ: ವ್ಯಾಗನ್ ನಿಂತಿದೆ, ಪ್ಯಾನೆಲ್‌ನಲ್ಲಿ ಖಾಲಿ

ಇದು ಮೇಲಿನದಕ್ಕೆ ತದ್ವಿರುದ್ಧ, ಹತ್ತು ಪಟ್ಟು ಅಪಾಯಕಾರಿ. ಕಂಡ ಕ್ಷಣವೇ ಆ ಲೈನಿನ ಮೇಲೆ ಎಲ್ಲ ಓಡಾಟ ನಿಲ್ಲಿಸಿ, ಸ್ಟೇಷನ್ ಮಾಸ್ತರರಿಗೆ ತಿಳಿಸಿ.

ಕಾರಣ ಹಳಿಯ ತಲೆಯ ಮೇಲಿನ ಪದರ. ವಾರಗಟ್ಟಲೆ ಗಾಡಿ ಬಾರದ ಲೈನಿನಲ್ಲಿ ತುಕ್ಕು, ಅದರ ಮೇಲೆ ಸಿಮೆಂಟಿನ ಧೂಳು ಅಥವಾ ಅರೆದ ಗೋವಿನಜೋಳದ ಹಿಟ್ಟು ಕೂತರೆ ಚಕ್ರ ಮತ್ತು ಹಳಿಯ ನಡುವೆ ಕರೆಂಟು ದಾಟುವುದಿಲ್ಲ. ತುಂಬಿದ ವ್ಯಾಗನ್ನಿನ ಭಾರಕ್ಕೆ ಪದರ ಒಡೆದು ಸಂಪರ್ಕವಾಗುತ್ತದೆ, ಖಾಲಿ ವ್ಯಾಗನ್ನಿಗೆ ಆಗುವುದಿಲ್ಲ. ಹೀಗಾಗಿ ದೋಷ ಒಮ್ಮೆ ಇದೆ, ಒಮ್ಮೆ ಇಲ್ಲ ಎಂಬಂತೆ ಆಟ ಆಡಿಸುತ್ತದೆ. ಹಳಿಯ ತಲೆ ನೋಡಿದರೆ ತಿಳಿಯುತ್ತದೆ: ನಡುವೆ ಹೊಳೆಯುವ ಪಟ್ಟಿ ಇರಬೇಕು. ಕಂದು ಅಥವಾ ಬೂದು ಬಣ್ಣ ಒಂದೇ ಸಮನೆ ಇದ್ದರೆ ಪದರ ಇದೆ ಎಂದೇ ಲೆಕ್ಕ. ತಂತಿ ಬ್ರಷ್ಷಿನಿಂದ ಉಜ್ಜಿ, ಇಂಜಿನ್ ಒಂದೆರಡು ಸಲ ಓಡಿಸಿ, ಷಂಟ್ ಪರೀಕ್ಷೆ ಮಾಡಿ. ಅಲ್ಲಿಯವರೆಗೆ ಲೈನ್ ಖಾಲಿ ಇದೆಯೇ ಇಲ್ಲವೇ ಎಂಬುದನ್ನು ಕಾಲಲ್ಲಿ ನಡೆದು, ಕಣ್ಣಲ್ಲಿ ನೋಡಿಯೇ ತೀರ್ಮಾನಿಸಬೇಕು.

ಲಕ್ಷಣ: ಪಾಯಿಂಟ್ ಕೂಡುತ್ತಿಲ್ಲ

ಮೋಟಾರು ತಿರುಗುವ ಸದ್ದು ಕೇಳುತ್ತದೆ, ಕ್ಲಚ್ ಜಾರುತ್ತದೆ, ಸೂಚನೆ ಬರುವುದಿಲ್ಲ ಎಂದರೆ ಟಂಗ್ ರೈಲ್ (ಸರಿದಾಡುವ ಮೊನೆಯ ಹಳಿ) ಮತ್ತು ಸ್ಟಾಕ್ ರೈಲ್ (ಅದು ಬಂದು ಕೂಡುವ ಕದಲದ ಹಳಿ) ನಡುವೆ ಏನೋ ಸಿಕ್ಕಿದೆ. ತುದಿ ಮಾತ್ರ ನೋಡಿ ಬಿಡಬೇಡಿ. ಕಲ್ಲು ಸಿಕ್ಕಿಕೊಳ್ಳುವುದು ತುದಿಯಿಂದ ಎರಡು ಮೂರು ಸ್ಲೀಪರ್ ಹಿಂದೆಯೂ ಇರಬಹುದು. ತುದಿ ಕೂಡಿದಂತೆ ಕಂಡರೂ ಟಂಗ್ ರೈಲ್ ನಡುವೆ ಬಿಲ್ಲಿನಂತೆ ಬಾಗಿರುತ್ತದೆ. ಕೈ ಬೆರಳು ಹಾಕಿ ತೆಗೆಯುವಂತಿಲ್ಲ. ಸಿಗ್ನಲ್‌ನವರು ಕರೆಂಟು ಕಡಿದ ಮೇಲೂ ಕಟ್ಟಿಗೆಯ ತುಂಡು ಅಡ್ಡ ಇಟ್ಟು, ಕೊಕ್ಕೆಯಿಂದ ಎಳೆಯಬೇಕು.

ಅಡ್ಡ ಏನೂ ಇಲ್ಲದೆ ಬರೀ ಬಿಗಿಯಾಗಿ ಚಲಿಸಿದರೆ ಸ್ಲೈಡ್ ಚೇರುಗಳನ್ನು (ಟಂಗ್ ರೈಲ್ ಜಾರುವ ತಟ್ಟೆಗಳು) ನೋಡಿ. ಎಣ್ಣೆ ಹಚ್ಚಿದ ಚೇರಿನ ಮೇಲೆ ಸಿಮೆಂಟಿನ ಧೂಳು, ಹಿಟ್ಟು ಕೂತು ಅಂಟಾಗಿರುತ್ತದೆ. ಅದರ ಮೇಲೆಯೇ ಮತ್ತೆ ಎಣ್ಣೆ ಸುರಿಯುವವರೇ ಹೆಚ್ಚು. ಅಂದು ಚಲಿಸುತ್ತದೆ, ನಾಳೆಗೆ ಅಂಟು ದುಪ್ಪಟ್ಟು. ಹಳೆಯದನ್ನು ಕೆರೆದು, ಚಿಂದಿ ಬಟ್ಟೆಯಿಂದ ಲೋಹ ಕಾಣುವ ತನಕ ಒರೆಸಿ, ಆಮೇಲೆ ಗ್ರಾಫೈಟ್ ತೆಳುವಾಗಿ ಹಚ್ಚಿ. ಧೂಳಿನ ಜಾಗಕ್ಕೆ ಎಣ್ಣೆಗಿಂತ ಒಣ ಗ್ರಾಫೈಟೇ ವಾಸಿ. ಸಿಮೆಂಟ್ ಬಿದ್ದಿದ್ದರೆ ಅದೇ ದಿನ ಒಣಗಿರುವಾಗಲೇ ತೆಗೆಯಿರಿ. ಒಂದು ಇಬ್ಬನಿ ಬಿದ್ದರೂ ಸಾಕು, ಚೇರು, ಸ್ಟ್ರೆಚರ್ ಬಾರ್ (ಎರಡು ಟಂಗ್ ರೈಲ್ ಕೂಡಿಸುವ ಸರಳು), ಗಟಾರಿನ ಬಾಯಿ ಎಲ್ಲ ಕಡೆ ಕಲ್ಲು. ಮರುದಿನ ಉಳಿ ಸುತ್ತಿಗೆ ಬೇಕಾಗುತ್ತದೆ.

ಕೆಲಸ ಮುಗಿದ ಮೇಲೆ ಸಿಗ್ನಲ್ ಸಿಬ್ಬಂದಿ ಅಡಚಣೆ ಪರೀಕ್ಷೆ ಮಾಡಬೇಕು: ತುದಿಯಿಂದ 150 ಮಿ.ಮೀ. ಹಿಂದೆ 5 ಮಿ.ಮೀ. ದಪ್ಪದ ತುಂಡು ಇಟ್ಟು ಪಾಯಿಂಟ್ ಓಡಿಸಿದಾಗ ಲಾಕ್ ಆಗಬಾರದು, ಸೂಚನೆ ಬರಬಾರದು. ಬಂದರೆ ಮೊದಲಿಗಿಂತ ದೊಡ್ಡ ದೋಷ ಕೈಯಲ್ಲಿದೆ.

ಲಕ್ಷಣ: ಲಾರಿ ದಾಟುವ ಜಾಗದಲ್ಲಿ ಚಕ್ರ ಏರಿದ ಗುರುತು

ಶೆಡ್ಡಿನ ಅಂಗಳದಲ್ಲಿ ಲಾರಿಗಳು ಹಳಿ ದಾಟುವ ಕಡೆ ಚೆಕ್ ರೈಲ್ (ಹಳಿಯ ಒಳಬದಿಗೆ ಹಾಕಿದ ಕಾವಲು ಹಳಿ) ಮತ್ತು ಹಳಿಯ ನಡುವೆ ಚಕ್ರದ ಫ್ಲ್ಯಾಂಜ್ (ಚಕ್ರದ ಒಳಬದಿಯ ಏರಿದ ಅಂಚು) ಓಡುವ ಕಾಲುವೆ ಇರುತ್ತದೆ. ಅಗಲ 51ರಿಂದ 57 ಮಿ.ಮೀ., ಆಳ ಕನಿಷ್ಠ 38 ಮಿ.ಮೀ. ಹೊಸ ಚಕ್ರದ ಫ್ಲ್ಯಾಂಜ್ ಸುಮಾರು 28 ಮಿ.ಮೀ. ಆಳ, ಸವೆದ ಚಕ್ರದ್ದು 35 ಮಿ.ಮೀ. ತನಕ ಇಳಿಯಬಹುದು. ಅಂದರೆ ಸವೆದ ಚಕ್ರಕ್ಕೆ ಉಳಿಯುವ ಜಾಗ 3 ಮಿ.ಮೀ. ಮಾತ್ರ. ಎರೆ ಹೊಲದಿಂದ ಬಂದ ಟ್ರ್ಯಾಕ್ಟರ್, ಲಾರಿಗಳ ಗಾಲಿಯ ಕೆಸರು, ಗೋವಿನಜೋಳ, ಜಲ್ಲಿ ಎಲ್ಲ ಕೂಡಿ ಈ ಕಾಲುವೆಗೆ ತುಂಬಿ, ಬಿಸಿಲಿಗೆ ಒಣಗಿದರೆ ಇಟ್ಟಿಗೆಯಷ್ಟು ಗಟ್ಟಿ. ಖಾಲಿ ವ್ಯಾಗನ್ ಅದರ ಮೇಲೆ ಏರಿ ಹಳಿ ತಪ್ಪಲು ಇಷ್ಟೇ ಸಾಕು.

ಗುರುತು: ಕಾಲುವೆಯ ಕೆಸರಿನ ಮೇಲೆ ಒತ್ತಿ ಹೊಳೆಯುವ ಗೆರೆ, ಅಥವಾ ಹಳಿಯ ತಲೆಯ ಮೇಲೆ ಅಡ್ಡಾದಿಡ್ಡಿ ಗೀರು. ಇವು ಕಂಡರೆ ಫ್ಲ್ಯಾಂಜ್ ಆಗಲೇ ತಳಕ್ಕೆ ತಾಗುತ್ತಿದೆ ಎಂದರ್ಥ.

ಬಡಗಿಯ ಕೈಯಲ್ಲಿ 51 ಮಿ.ಮೀ. ಅಗಲ, 38 ಮಿ.ಮೀ. ಎತ್ತರದ ಗಟ್ಟಿ ಕಟ್ಟಿಗೆಯ ತುಂಡೊಂದು ಮಾಡಿಸಿ, ಹಿಡಿಕೆ ಹಾಕಿಸಿ ಶೆಡ್ಡಿನಲ್ಲಿ ಇಡಿ. ಆ ತುಂಡು ದಾಟು ಜಾಗದ ಉದ್ದಕ್ಕೂ ಹಳಿಯ ತಲೆಗಿಂತ ಮೇಲೆ ಏಳದೆ ಸರಿದು ಹೋಗಬೇಕು. ಸಿಕ್ಕ ಕಡೆ ಕೊಕ್ಕೆ ಸರಳಿನಿಂದ ಬಗೆಯಿರಿ. ತುಂಡು ಅಗಲಕ್ಕೇ ಸಿಕ್ಕಿದರೆ ಕಸ ಅಲ್ಲ, ಚೆಕ್ ರೈಲೇ ಸರಿದಿದೆ, ಅದು ಹಳಿ ಇಂಜಿನಿಯರರ ಕೆಲಸ. ಲಾರಿ ಓಡಾಟ ಇರುವ ದಿನ ಪ್ರತಿ ರೇಕ್ ಒಳಗೆ ಬರುವ ಮೊದಲು ಈ ಪರೀಕ್ಷೆ ಬೇಕು. ಬೆಳಿಗ್ಗೆ ನೋಡಿದ್ದು ಸಂಜೆಗೆ ಲೆಕ್ಕವಲ್ಲ.

ಲಕ್ಷಣ: ಹಳಿ ಕುಸಿತ, ಸ್ಲೀಪರ್ ಸುತ್ತ ಕೆಸರು ಉಕ್ಕುವುದು

ಚಕ್ರ ಹೋದಾಗಲೆಲ್ಲ ಸ್ಲೀಪರಿನ ಬದಿಯಿಂದ ಕೆಸರು ನೀರು ಚಿಮ್ಮುತ್ತದೆ. ಒಣಗಿದ ಮೇಲೆ ಜಲ್ಲಿಯ ಮೇಲೆ ಬಿಳಿ ಅಥವಾ ಕಪ್ಪು ಹಪ್ಪಳ ಕಟ್ಟಿರುತ್ತದೆ. ಇಲ್ಲಿ ಕಸ ಮೇಲಿನಿಂದ ಬಂತೋ ಕೆಳಗಿನಿಂದ ಬಂತೋ ಎಂಬುದನ್ನು ತಿಳಿಯದೆ ಮಾಡಿದ ಖರ್ಚೆಲ್ಲ ನೀರಿನಲ್ಲಿ ಹೋಮ.

ಸ್ಲೀಪರಿನ ತುದಿಯ ಹೊರಗೆ ನೆಲಮಟ್ಟದ ಮಣ್ಣು ಸಿಗುವ ತನಕ ಒಂದು ಗುಂಡಿ ತೋಡಿ, ಅದರ ಗೋಡೆ ನೋಡಿ. ಮೇಲಿನ ಜಲ್ಲಿ ಕೊಳೆ, ಕೆಳಗಿನದು ಸ್ವಚ್ಛ ಎಂದರೆ ಕಸ ಮೇಲಿನದು: ಕಲ್ಲಿದ್ದಲು ಪುಡಿ, ಧಾನ್ಯ, ಗೊಬ್ಬರ. ಕೆಳಗಿನ ಜಲ್ಲಿ ಕಪ್ಪು ಜಿಗುಟು, ಮೇಲಿನದು ಅಷ್ಟಿಷ್ಟು ಚೆನ್ನಾಗಿದೆ ಎಂದರೆ ಎರೆ ಮಣ್ಣು ಮೇಲೇರುತ್ತಿದೆ. ಎರೆ ನೀರು ಕುಡಿದಾಗ ಉಬ್ಬಿ ಬೆಣ್ಣೆಯಂತಾಗುತ್ತದೆ. ಭಾರ ಬಿದ್ದಾಗ ಜಲ್ಲಿ ಅದರೊಳಗೆ ಇಳಿಯುತ್ತದೆ, ಅದು ಜಲ್ಲಿಯ ಸಂದಿಗೆ ಏರುತ್ತದೆ. ಬೇಸಿಗೆಯಲ್ಲಿ ಬಿರುಕು ಬಿಟ್ಟು, ಆ ಬಿರುಕಿನಲ್ಲೇ ಮುಂದಿನ ಮಳೆಯ ನೀರು ನೇರ ಒಳಗೆ ಇಳಿಯುತ್ತದೆ. ಗದಗ, ಅಣ್ಣಿಗೇರಿ, ನವಲಗುಂದ ಸೀಮೆಯಲ್ಲಿ ಇದು ಹೊಸತಲ್ಲ.

ಮೇಲಿನ ಕಸವಾದರೆ ಮೇಲ್ಪದರದ ಜರಡಿ ಸಾಕು. ಎರಡು ಸ್ಲೀಪರ್ ನಡುವಿನ ಜಲ್ಲಿಯನ್ನು ಸ್ಲೀಪರ್ ತಳದಿಂದ 75–100 ಮಿ.ಮೀ. ಕೆಳಗಿನವರೆಗೆ, ನಡುವಿನಿಂದ ಹೊರಕ್ಕೆ ಇಳಿಜಾರಾಗಿ ತೆಗೆದು, 20 ಮಿ.ಮೀ. ಜರಡಿಯಲ್ಲಿ ಹಿಡಿಯಿರಿ. ಉಳಿದದ್ದು ಮರಳಿ ಹಳಿಗೆ, ಕೆಳಗೆ ಬಿದ್ದದ್ದು ಹೊರಗೆ. ಅಕ್ಕಪಕ್ಕದ ಎರಡು ಸಂದುಗಳನ್ನು ಒಟ್ಟಿಗೆ ಬಿಚ್ಚಬೇಡಿ, ಸ್ಲೀಪರಿನ ಹಿಡಿತ ಹೋಗುತ್ತದೆ. ಬೇಸಿಗೆಯ ಮಧ್ಯಾಹ್ನ ಹಳಿ ಹಿಗ್ಗಿರುವಾಗ ಈ ಕೆಲಸ ಬೇಡವೇ ಬೇಡ. ಜರಡಿ ಹಿಡಿದ ಕಸವನ್ನು ಪಕ್ಕದ ಗಟಾರಿನ ದಂಡೆಯ ಮೇಲೆಯೇ ರಾಶಿ ಹಾಕುವುದು ಕಂಡುಬಂದರೆ ಕೆಲಸ ಮಾಡಿಸಿದ್ದೂ ಬಿಟ್ಟದ್ದೂ ಒಂದೇ. ಮೊದಲ ಮಳೆಗೆ ಅದು ಗಟಾರಿಗೆ, ಗಟಾರು ಕಟ್ಟಿ ನೀರು ಮತ್ತೆ ಹಳಿಗೆ.

ಕೆಳಗಿನ ಎರೆಯಾದರೆ ಜಲ್ಲಿ ಎಷ್ಟು ಸುರಿದರೂ ನುಂಗುತ್ತಲೇ ಇರುತ್ತದೆ. ನೀರು ಹೊರಹೋಗುವ ದಾರಿ ಮೊದಲು, ಪೂರ್ಣ ಆಳದ ಜರಡಿ ಆಮೇಲೆ, ಅದಕ್ಕೂ ಬಗ್ಗದಿದ್ದರೆ ಮಣ್ಣು ಮತ್ತು ಜಲ್ಲಿಯ ನಡುವೆ ಬ್ಲ್ಯಾಂಕೆಟ್ ಪದರ (ಎರೆ ಮೇಲೇರದಂತೆ ತಡೆಯುವ ಹಾಸು). ಇದು ಗ್ಯಾಂಗಿನ ಮಟ್ಟದ ಕೆಲಸವಲ್ಲ. ಗುಂಡಿಯ ಗೋಡೆಯ ಚಿತ್ರ ಸಮೇತ ಮೇಲಿನವರಿಗೆ ಬರೆದರೆ ಮಾತ್ರ ಸಾಗುತ್ತದೆ.

ಗಟಾರಿನ ವಿಷಯ ಚಿಕ್ಕದು. ಮೇ ತಿಂಗಳ ಒಳಗೆ ಬಳಿದಿರಬೇಕು. ಒಂದು ಬಿಂದಿಗೆ ನೀರು ಮೇಲಿನ ತುದಿಯಲ್ಲಿ ಸುರಿದು ಕೆಳತುದಿಗೆ ಬಂತೇ ನೋಡಿ. ಕಾಂಗ್ರೆಸ್ ಕಸವನ್ನು ಹೂ ಬಿಡುವ ಮೊದಲೇ ಬೇರು ಸಮೇತ ಕೀಳಿಸಿ, ಕೈಗವಸು ಹಾಕಿಸಿ, ಅದು ಮೈಗೆ ತಾಗಿದರೆ ತುರಿಕೆ. ಕರಕಿ ಮಾತ್ರ ಕಿತ್ತಷ್ಟೂ ಬರುತ್ತದೆ, ಜಲ್ಲಿಯೊಳಗೆ ಮಣ್ಣಿದೆ ಎಂಬುದಕ್ಕೆ ಅದೇ ಸಾಕ್ಷಿ.

ಲಕ್ಷಣ: ಕ್ಲಿಪ್ಪು ಕದಲದು, ಹಳಿಯ ಪಾದ ಸವೆದಿದೆ

ಗೊಬ್ಬರದ ಲೈನಿನಲ್ಲಿ ಮೇಲಿನಿಂದ ನೋಡಿದರೆ ಹಳಿ ಗಟ್ಟಿಮುಟ್ಟು. ಬಾಗಿ ಲೈನರಿನ ಅಂಚು ನೋಡಿದರೆ ಬಿಳಿ ಹರಳು, ಅದರಡಿ ಪದರ ಪದರವಾಗಿ ಏಳುವ ತುಕ್ಕು. ಸವೆತ ಎಲ್ಲಕ್ಕಿಂತ ಹೆಚ್ಚು ಇರುವುದು ಲೈನರ್ ಕೂತ ಜಾಗದಲ್ಲೇ, ತೇವ ಅಲ್ಲಿ ನಿಲ್ಲುತ್ತದೆ.

ಪ್ಲಾಟ್‌ಫಾರಂ ಕಡೆಯ ಹಳಿಯಲ್ಲಿ ಹತ್ತು ಸ್ಲೀಪರಿಗೊಂದರಂತೆ ಕ್ಲಿಪ್ ತೆಗೆದು ನೋಡಿ. ಸುತ್ತಿಗೆಗೆ ಬಗ್ಗದಿದ್ದರೆ ಅದು ಇನ್ಸರ್ಟಿನೊಳಗೆ (ಸ್ಲೀಪರಿನಲ್ಲಿ ಹೂತ, ಕ್ಲಿಪ್ಪು ಕೂರುವ ಕಬ್ಬಿಣ) ತುಕ್ಕಿನಿಂದ ಬೆಸೆದುಹೋಗಿದೆ. ಅಂಥ ಕ್ಲಿಪ್ಪು ಕಣ್ಣಿಗೆ ಬಿಗಿಯಾಗಿ ಕಂಡರೂ ಹಳಿಯನ್ನು ಒತ್ತಿ ಹಿಡಿದಿದೆ ಎಂಬ ಭರವಸೆ ಇಲ್ಲ. ತೆಗೆಯಲು ಬಂದರೆ ಕ್ಲಿಪ್ಪು, ಇನ್ಸರ್ಟಿನ ಕಣ್ಣು, ಹಳಿಯ ಪಾದ ಮೂರನ್ನೂ ತಂತಿ ಬ್ರಷ್ಷಿನಿಂದ ಉಜ್ಜಿ, ಗ್ರಾಫೈಟ್ ಗ್ರೀಸ್ ಹಚ್ಚಿ ಮರಳಿ ಹಾಕಿ. ಒಂದು ಸ್ಲೀಪರ್ ಮುಗಿದ ಮೇಲೆ ಇನ್ನೊಂದು, ಸಾಲಾಗಿ ಬಿಚ್ಚಿಡುವುದು ಬೇಡ. ಹಳಿಯ ಪಾದಕ್ಕೆ ಬಿಟುಮಿನ್ ಬಣ್ಣ ಹಚ್ಚುವುದಾದರೆ ಪೂರ್ತಿ ಒಣಗಿದ ಲೋಹದ ಮೇಲೆ ಮಾತ್ರ. ಹರಳಿನ ಮೇಲೆ ಬಣ್ಣ ಬಳಿದರೆ ತುಕ್ಕು ಒಳಗೇ ಬೆಳೆಯುತ್ತದೆ.

ಗುಡಿಸಿದ ಗೊಬ್ಬರ ಗಟಾರಿಗೂ ಹೋಗಬಾರದು, ಅಂಗಳದ ಮೂಲೆಯಲ್ಲೂ ಉಳಿಯಬಾರದು. ಚೀಲಕ್ಕೆ ತುಂಬಿ, ಸರಕು ಪಡೆದವರಿಗೆ ಲೆಕ್ಕ ಹಾಕಿ ಒಪ್ಪಿಸಿ. ಯೂರಿಯಾ ನೆಕ್ಕಿದ ದನ, ಎಮ್ಮೆ ಬದುಕುವುದು ಕಷ್ಟ. ಯೂರಿಯಾ ಕರಗಿದ ಹೊಂಡದ ನೀರು ಕುಡಿದರೂ ಅಷ್ಟೇ. ಶೆಡ್ಡಿನ ಬೇಲಿ ಎಷ್ಟು ಗಟ್ಟಿ ಎಂಬುದು ಎಲ್ಲರಿಗೂ ಗೊತ್ತಿದ್ದದ್ದೇ.

ಲಕ್ಷಣ: ಇಂಜಿನ್ ಚಕ್ರ ಜಾರುವುದು, ಹಮಾಲರು ಜಾರಿ ಬೀಳುವುದು

ಎರಡಕ್ಕೂ ಕಾರಣ ಒಂದೇ, ಗೋವಿನಜೋಳ. ಹಳಿಯ ಮೇಲೆ ಬಿದ್ದ ಕಾಳು ಚಕ್ರಕ್ಕೆ ಸಿಕ್ಕಿ ಹಿಟ್ಟಾಗಿ, ತೇವ ತಾಗಿದರೆ ಲೋಳೆ. ಇಂಜಿನ್ ಎಳೆಯಲು ಹೋಗಿ ಚಕ್ರ ನಿಂತಲ್ಲೇ ತಿರುಗಿದರೆ ಹಳಿಯ ತಲೆಯ ಮೇಲೆ ಅಂಡಾಕಾರದ ಸುಟ್ಟ ಗುಳಿ ಬೀಳುತ್ತದೆ, ಮುಂದೆ ಅಲ್ಲಿಂದಲೇ ಬಿರುಕು. ರೇಕ್ ಹೊರಡುವ ಮೊದಲು ಇಂಜಿನ್ ನಿಂತ ಜಾಗದಿಂದ ಮುಂದೆ ಕನಿಷ್ಠ ಇಂಜಿನ್ನಿನ ಎರಡು ಪಟ್ಟು ಉದ್ದ ಹಳಿಯ ತಲೆ ಒರೆಸಿಸಿ. ಸುಟ್ಟ ಗುಳಿ ಕಂಡರೆ ಜಾಗ ಗುರುತು ಹಾಕಿ ಹಳಿ ಸಿಬ್ಬಂದಿಗೆ ತಿಳಿಸಿ.

ಪ್ಲಾಟ್‌ಫಾರಂ ಮೇಲೆ ಕಾಳು ಗುಂಡಿನಂತೆ ಉರುಳುತ್ತದೆ. ಬೆನ್ನ ಮೇಲೆ ಚೀಲ ಹೊತ್ತವನು ಕಾಲ ಕೆಳಗೆ ನೋಡುವುದಿಲ್ಲ, ನೋಡಲೂ ಆಗದು. ಗೂಡ್ಸ್ ಪ್ಲಾಟ್‌ಫಾರಂ ಹಳಿಯಿಂದ ಹೆಚ್ಚೆಂದರೆ 1065 ಮಿ.ಮೀ. ಎತ್ತರ, ಆದರೆ ಚೀಲದ ಸಮೇತ ಕೆಳಗೆ ಬಿದ್ದರೆ ಬೆನ್ನು ಮುರಿಯಲು ಅಷ್ಟು ಸಾಕು. ದಿನದ ಕೊನೆಗೆ ಒಮ್ಮೆ ಗುಡಿಸುವ ಪದ್ಧತಿ ಇಲ್ಲಿ ಕೆಲಸಕ್ಕೆ ಬಾರದು. ಇಳಿಸುತ್ತಿರುವಾಗಲೇ, ವ್ಯಾಗನ್ ಬಾಗಿಲಿನಿಂದ ರಾಶಿಯವರೆಗಿನ ನಡೆದಾಡುವ ದಾರಿಯನ್ನು ಆಗಾಗ ಬರಲಿನಿಂದ ಬಳಿಯುವ ಒಬ್ಬ ಆಳು ಬೇಕು. ಬಿಟ್ಟ ಕಾಳು ನಾಲ್ಕು ದಿನಕ್ಕೆ ಹುಳಿ ನಾತ, ಆಮೇಲೆ ಹೆಗ್ಗಣ, ಹಂದಿ, ದನ. ಹೆಗ್ಗಣ ಪ್ಲಾಟ್‌ಫಾರಂ ಗೋಡೆಯಡಿ ಬಿಲ ತೋಡಿದರೆ ಗೋಡೆ ಹಳಿಯ ಕಡೆ ವಾಲುತ್ತದೆ. ಹಳಿ ಮಧ್ಯದಿಂದ ಪ್ಲಾಟ್‌ಫಾರಂ ಅಂಚಿನ ಅಂತರ 1670 ಮಿ.ಮೀ.ಗಿಂತ ಕಡಿಮೆ ಬಂದಿದ್ದರೆ ಆ ಲೈನಿಗೆ ರೇಕ್ ತರಿಸುವ ಮೊದಲು ಇಂಜಿನಿಯರರಿಗೆ ತೋರಿಸಿ.

ಮೂಲದಲ್ಲೇ ತಡೆಯುವುದು: ಖಾಲಿ ವ್ಯಾಗನ್ ತಪಾಸಣೆ

ತುಂಬುವ ಮೊದಲು ಪ್ರತಿ ಮುಚ್ಚು ವ್ಯಾಗನ್ನಿನ ಒಳಗೆ ಒಬ್ಬ ಹೋಗಿ, ಹೊರಗಿನವನು ಬಾಗಿಲು ಹಾಕಲಿ. ಹೊರಗಿನವನು ಬಾಗಿಲು ಬಿಟ್ಟು ಕದಲಕೂಡದು. ಕತ್ತಲೆಯಲ್ಲಿ ಬೆಳಕು ಬರುವ ಕಡೆಯೆಲ್ಲ ತೂತು. ಹಗಲಿನಲ್ಲಿ ಇದಕ್ಕೆ ಎರಡು ನಿಮಿಷ ಸಾಕು. ಚಿಕ್ಕ ತೂತಿಗೆ ಗೋಣಿಚೀಲದ ತುಂಡು ಒಳಗಿನಿಂದ ಬಿಗಿಯಾಗಿ ತುರುಕಿ, ಬಾಗಿಲ ಸಂದಿಗೆ ಗೋಣಿಯ ಪಟ್ಟಿ ಕೊಡಿ. ಮುಷ್ಟಿ ಹಿಡಿಯುವಷ್ಟು ದೊಡ್ಡದಿದ್ದರೆ ಆ ವ್ಯಾಗನ್ ಬೇಡವೆಂದು ಬರೆದುಕೊಡಿ. ಹಿಂದಿನ ಮಾಲು ಗೊಬ್ಬರವಾಗಿದ್ದು ಈಗ ತುಂಬುವುದು ಧಾನ್ಯವಾದರೆ ಮೂಲೆ, ಬಾಗಿಲ ತೋಡು, ತಳದ ಸಂದುಗಳನ್ನು ಕೆರೆದು ಗುಡಿಸಿದ ಕಸ ಚೀಲಕ್ಕೇ ಹೋಗಬೇಕು, ಎದುರು ಬಾಗಿಲಿನಿಂದ ಹಳಿಗಲ್ಲ. ರೇಕ್ ಹೊರಡುವ ಮೊದಲು ಎರಡೂ ಬದಿಯಿಂದ ನಡೆದು ಬಾಗಿಲ ಕೊಂಡಿ ಬಿದ್ದಿದೆಯೇ, ಹೆಚ್ಚುವರಿ ತಂತಿ ಬಿಗಿದಿದೆಯೇ, ಕತ್ತರಿಸಿ ಉಳಿದ ತಂತಿಯ ತುಂಡುಗಳನ್ನು ಹೆಕ್ಕಿದ್ದಾರೆಯೇ ಎಂದು ನೋಡಿ. ಗ್ಲೂಡ್ ಜಾಯಿಂಟಿನ ಮೇಲೆ ಸಿಗುವ ತಂತಿ ಬಹಳ ಸಲ ಇದೇ.